ಸರಕು ತೊಟ್ಟಿಯ ದೀಪ ಮತ್ತು ದೇಹಾರೋಗ್ಯ

ಬೀದರ, ಹುಮನಾಬಾದ್, ಜಹೀರಾಬಾದ್‌ಗಳ ಕಡೆಯಿಂದ ಹೈದರಾಬಾದಿಗೆ ಬರುವವರಿಗೆ ಪಟಾನ್‌ಚೆರು ಮಹಾನಗರದ ಹೆಬ್ಬಾಗಿಲಿನಂತಿದೆ. 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಿಂದ ಈ ಊರಿನ ಹೆಸರು ದೇಶವಿದೇಶಗಳಿಗೆ ಪರಿಚಿತವಾಯಿತು. ಇಲ್ಲಿನ ಕೈಗಾರಿಕೆಗಳಿಗೂ ಮಾರುಕಟ್ಟೆಗೂ 65ನೆಯ ರಾಷ್ಟ್ರೀಯ ಹೆದ್ದಾರಿಯೇ ಜೀವನಾಡಿ. ಈ ದಾರಿಯಲ್ಲಿ ಸರಕು ಹೊತ್ತು ಓಡಾಡುವ ಪಿಕಪ್ ವಾಹನಗಳಿಗೆ ಹಗಲೆಷ್ಟೋ ಇರುಳೂ ಅಷ್ಟೆ.

ಇರುಳಿನಲ್ಲಿ ಸರಕು ಇಳಿಸುವ ಕೆಲಸವು ಆರೋಗ್ಯದ ಪ್ರಶ್ನೆಯೂ ಹೌದು. ಎದುರು ವಾಹನಗಳ ಪ್ರಖರ ಬೆಳಕನ್ನು ಕಂಡ ಕಣ್ಣು ಕತ್ತಲೆಗೆ ಪೂರ್ಣವಾಗಿ ಒಗ್ಗಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷಗಳು ಬೇಕು. ವಾಹನ ನಿಲ್ಲಿಸಿದೊಡನೆ ತೊಟ್ಟಿಯನ್ನೇರುವ ಚಾಲಕನಿಗೆ ಅಷ್ಟು ವ್ಯವಧಾನವೆಲ್ಲಿಯದು? ಹಲಗೆಯಿಂದ ಮೇಲೆದ್ದ ಮೊಳೆ, ಹರಿದ ತಗಡಿನ ಅಂಚು, ಜಾರುವ ಸೊಪ್ಪು ಅವನ ಕಣ್ಣಿಗೆ ಬೀಳುವುದಿಲ್ಲ. ಮೊಳೆ ಚುಚ್ಚಿದ ಗಾಯದಿಂದ ಧನುರ್ವಾತ ತಗಲುವ ಸಂಭವವುಂಟು. ಎಡವಿ ಬಿದ್ದರೆ ಸೊಂಟವೋ ಮಣಿಕಟ್ಟೋ ಮುರಿದು ಸಂಪಾದನೆಯೇ ನಿಲ್ಲುತ್ತದೆ.

ಇದಕ್ಕೆ ಅಗ್ಗದ ಪರಿಹಾರವೆಂದರೆ ತೊಟ್ಟಿಯೊಳಗೆ ಅಳವಡಿಸುವ ಎಲ್‌ಇಡಿ ದೀಪ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಲಭಿಸಿತು; ಬಿಳಿಯ ಎಲ್‌ಇಡಿ ಬೆಳಕಿಗೆ ಅದೇ ಮೂಲ. ಇದರ ಜಮಾಖರ್ಚನ್ನೂ ನೋಡಬಹುದು. 12 ವೋಲ್ಟಿನ ಬ್ಯಾಟರಿಯಿಂದ 21 ವ್ಯಾಟಿನ ಹಳೆಯ ಬಲ್ಬು 1.75 ಆಂಪಿಯರ್ ಸೆಳೆದರೆ, 6 ವ್ಯಾಟಿನ ಎಲ್‌ಇಡಿ ಅರ್ಧ ಆಂಪಿಯರಿನಲ್ಲಿಯೇ ತೃಪ್ತಿಪಡುತ್ತದೆ.

ಆದರೆ ಮಳೆ, ಧೂಳು, ಬಿಸಿಲುಗಳಿಗೆ ಮೈಯೊಡ್ಡಿ ನಿಲ್ಲುವ ತೊಟ್ಟಿಗೆ ಮನೆಯ ಅಲಂಕಾರದ ದೀಪ ಸಲ್ಲದು. ಕೊಳ್ಳುವಾಗ ಐಪಿ 67 ಎಂಬ ಗುರುತನ್ನು ನೋಡಬೇಕು. ಇಲ್ಲಿ 6 ಎಂದರೆ ಧೂಳಿಗೆ ಪ್ರವೇಶವಿಲ್ಲ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಹಾನಿಯಿಲ್ಲ. ಹಾಗೆಂದು ವಾಹನ ತೊಳೆಯುವಾಗ ರಭಸದ ನೀರನ್ನು ದೀಪಕ್ಕೇ ಗುರಿಯಿಡುವುದು ತರವಲ್ಲ; ಮುಳುಗಡೆಯ ಪರೀಕ್ಷೆ ಬೇರೆ, ರಭಸದ ಪರೀಕ್ಷೆ ಬೇರೆ. ಬೇಸಗೆಯ ಕಾವಿಗೆ ಅಂಟು ಬಿಟ್ಟುಕೊಳ್ಳುವುದರಿಂದ ದೀಪದ ಪಟ್ಟಿಯನ್ನು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂಡಿಸಿ, ಪಕ್ಕದ ಗೋಡೆಯ ಮೇಲಂಚಿನ ಕೆಳಗೆ ತಿರುಪುಗಳಿಂದ ಬಿಗಿಯುವುದು ಲೇಸು. ಅಲ್ಲಿ ಪೆಟ್ಟಿಗೆಗಳ ಪೆಟ್ಟೂ ತಾಗದು.

ದೀಪಕ್ಕಿಂತಲೂ ಮುಖ್ಯವಾದುದು ತಂತಿ. ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೆ ಫ್ಯೂಸ್ ಇರಲೇಬೇಕು. ಒಂದೆರಡು ಪುಟ್ಟ ದೀಪಗಳಿಗೆ 3 ಆಂಪಿಯರಿನದು ಸಾಕು. ತಗಡಿನ ರಂಧ್ರದ ಮೂಲಕ ತಂತಿ ಹಾಯುವಲ್ಲಿ ರಬ್ಬರ್ ಬಳೆ ತೊಡಿಸದಿದ್ದರೆ, ಹೆದ್ದಾರಿಯ ಕುಲುಕಾಟಕ್ಕೆ ಹೊದಿಕೆ ಸವೆದು ಕಿಡಿ ಹಾರುತ್ತದೆ. ಹುಲ್ಲು, ಗೋಣಿಚೀಲ, ರಟ್ಟಿನ ಪೆಟ್ಟಿಗೆ ತುಂಬಿದ ವಾಹನದಲ್ಲಿ ಒಂದು ಕಿಡಿಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಕೀಲುಗಳನ್ನು ಬರಿಯ ಟೇಪಿನಿಂದ ಸುತ್ತದೆ, ಶಾಖಕ್ಕೆ ಕುಗ್ಗುವ ಅಂಟುಸಹಿತ ಕೊಳವೆಯಿಂದ ಮುಚ್ಚಬೇಕು. ಸ್ವಿಚ್ಚು ಚಾಲಕನ ಕೈಯಳತೆಯಲ್ಲಿರಲಿ.

ಇನ್ನೊಂದು ಎಚ್ಚರಿಕೆಯೂ ಉಂಟು. ದೀಪದ ಮುಖ ಕೆಳಗಿರಬೇಕು, ವಾಹನ ಚಲಿಸುವಾಗ ಅದು ಆರಿರಬೇಕು. ವಾಹನದ ಹಿಂಬದಿಯ ಸೂಚಕ ಬೆಳಕು ಕೆಂಪಾಗಿರಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ವಿಧಿ. ಹಿಂದಕ್ಕೆ ಹೊಳೆಯುವ ಬಿಳಿಯ ಬೆಳಕು ಹಿಂದಿನಿಂದ ಬರುವವನ ಕಣ್ಣು ಕುಕ್ಕಿ, ಒಬ್ಬನ ಕಾಲನ್ನುಳಿಸಲು ಮತ್ತೊಬ್ಬನ ಪ್ರಾಣಕ್ಕೆ ಎರವಾದೀತು. ಕಣ್ಣಿಗೆ ಹಿತವಾದ ಮಂದ ಹಳದಿ ಛಾಯೆಯ ಬೆಳಕೇ ಉತ್ತಮ.

ವಾಹನದ ಸಾಲದ ಕಂತು, ವಿಮೆ, ಟೈರುಗಳಿಗೆ ಲೆಕ್ಕವಿಡುವ ಮಾಲೀಕರು, ಅದನ್ನು ಏರಿ ಇಳಿಯುವವನ ಕೈಕಾಲುಗಳಿಗೂ ಲೆಕ್ಕಪುಸ್ತಕದಲ್ಲಿ ಒಂದು ಸಾಲು ತೆಗೆದಿಡುವುದು ಯುಕ್ತ. ಆ ಸಾಲಿನ ವೆಚ್ಚ ಅಲ್ಪ. ಅದು ಉಳಿಸುವುದು ಒಂದು ಕುಟುಂಬದ ದುಡಿಮೆಯನ್ನು.