ಶರತ್ಕಾಲದ ಮೂವರು ಅತಿಥಿಗಳು: ಜನಪದ ಹಾಡುಗಳಲ್ಲಿ ಋತು ಮತ್ತು ಕಾಲ

೧

ಶರದೃತುವೆಂದೊಡನೆ ಶಿಷ್ಟ ಸಾಹಿತ್ಯದ ಓದುಗರಿಗೆ ತಿಳಿಯಾದ ಆಕಾಶ, ಬೆಳ್ದಿಂಗಳು, ಹಂಸಗಳ ಆಗಮನ ಮೊದಲಾದ ಕವಿಸಮಯಗಳು ನೆನಪಾಗುತ್ತವೆ. ಪಾಶ್ಚಾತ್ಯ ಕಾವ್ಯದ ಪರಿಚಯವುಳ್ಳವರಿಗೆ ಎಲೆಯುದುರುವ ಮರವೇ ಆ ಋತುವಿನ ಚಿಹ್ನೆ. ಕನ್ನಡ ಜನಪದ ಹಾಡುಗಳ ಶರತ್ತು ಇವೆರಡಕ್ಕೂ ಸೇರಿದುದಲ್ಲ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಭಾದ್ರಪದದಿಂದ ಕಾರ್ತಿಕದವರೆಗಿನ ಅವಧಿಯು ಮಲೆನಾಡಿನಲ್ಲಿ ಭತ್ತ ಹೊಡೆಯಾಗಿ ತೆನೆಬಿಡುವ ಕಾಲ. ಉತ್ತರದ ಬಯಲುಸೀಮೆಯಲ್ಲಿ ಮುಂಗಾರಿ ಬೆಳೆ ಕೈಸೇರುವ, ಹಿಂಗಾರಿ ಜೋಳದ ಬಿತ್ತನೆಗೆ ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು ಎದುರುನೋಡುವ ಕಾಲ. ಹೀಗೆ ಸಮೃದ್ಧಿಯೂ ಆತಂಕವೂ ಒಟ್ಟಿಗೇ ಇರುವ ಈ ಅವಧಿಯ ಹಾಡುಗಳಲ್ಲಿ ಕಾಲ ಸರಿಯುವ ಅರಿವು ತೀವ್ರವಾಗಿದೆ. ಆದರೆ ಅದು ಪ್ರಕೃತಿವರ್ಣನೆಯ ಮೂಲಕವಲ್ಲದೆ, ಗೊತ್ತಾದ ದಿನ ಬಂದು ಗೊತ್ತಾದ ದಿನ ಹೊರಡಲೇಬೇಕಾದ ಅತಿಥಿಗಳ ಮೂಲಕ ವ್ಯಕ್ತವಾಗುತ್ತದೆ. ಜೋಕುಮಾರ, ಗೌರಿ ಮತ್ತು ಬಲೀಂದ್ರ ಎಂಬ ಮೂವರು ಅತಿಥಿಗಳ ಹಾಡುಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೨

ಉತ್ತರ ಕರ್ನಾಟಕದ ಜೋಕುಮಾರನ ಆಯುಷ್ಯ ಕೇವಲ ಏಳು ದಿನ. ಭಾದ್ರಪದ ಶುದ್ಧ ಅಷ್ಟಮಿಯಂದು ಕುಂಬಾರರ ಮನೆಯಲ್ಲಿ ಮಣ್ಣಿನಿಂದ ಹುಟ್ಟುವ ಅವನು ಅನಂತನ ಹುಣ್ಣಿಮೆಯ ಹೊತ್ತಿಗೆ ಸಾಯುತ್ತಾನೆ. ಅಂಬಿಗ, ಬಾರಿಕರ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳು ಬಾಯಿಗೆ ಬೆಣ್ಣೆ ಹಚ್ಚಿದ ಮೂರ್ತಿಯನ್ನು ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ನೀಡುತ್ತಾರೆ. ಪ್ರತಿಯಾಗಿ ದೊರೆತ ಬೇವಿನ ಎಲೆಯನ್ನೋ ನುಚ್ಚನ್ನೋ ರೈತರು ಹೊಲಕ್ಕೆ ಚೆಲ್ಲುತ್ತಾರೆ. ಅದರಿಂದ ಬೆಳೆಗೆ ಹುಳುವಿನ ಬಾಧೆ ತಪ್ಪುವುದೆಂಬ ನಂಬಿಕೆಯಿದೆ.

ಜನಪದರ ದೃಷ್ಟಿಯಲ್ಲಿ ಗಣಪತಿ ಕಡುಬುಂಡು ಹೋಗಿ ಭೂಲೋಕ ಸುಖವಾಗಿದೆಯೆಂದು ಶಿವನಿಗೆ ವರದಿ ಮಾಡುವವನು. ಬಾಡಿದ ಪೈರನ್ನು ಹೊಲದಲ್ಲೇ ಕಂಡು ನಿಜ ಹೇಳುವವನು ಜೋಕುಮಾರ. ಮಳೆ ತರಿಸುವ ಈ ದೂತ ಉದ್ದಂಡನೂ ಹೌದು. ಅಗಸರ ಹೆಣ್ಣನ್ನು ಮೋಹಿಸಿದ ತಪ್ಪಿಗೆ ಅಗಸರ ಕೈಯಲ್ಲಿ ಹತನಾಗುತ್ತಾನೆ. ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ ನಾಟಕದಲ್ಲಿ (೧೯೭೨) ಈ ಫಲಶಕ್ತಿಯ ಸಂಕೇತವನ್ನೇ ಭೂಮಿಯ ಒಡೆತನದ ಪ್ರಶ್ನೆಯೊಂದಿಗೆ ಬೆಸೆದರು. ನಾಟಕದ ಪ್ರಭಾವದಿಂದ ಅಧ್ಯಯನಗಳು ಫಲವಂತಿಕೆಯ ಅಂಶಕ್ಕೆ ಹೆಚ್ಚಿನ ಒತ್ತು ನೀಡಿರುವುದು ಸಹಜವೇ. ಆದರೆ ಹಾಡುಗಳ ಕ್ರಮವನ್ನು ಗಮನಿಸಿದರೆ ಅವಧಿಯ ಪ್ರಜ್ಞೆಯೂ ಅಷ್ಟೇ ಮುಖ್ಯವೆಂಬುದು ತಿಳಿಯುತ್ತದೆ. ಹುಟ್ಟಿನ ಸಂಭ್ರಮ, ತಿರುಗಾಟದ ಹಾಸ್ಯ, ಸಾವಿನ ಶೋಕ ಇವು ಒಂದೇ ವಾರದೊಳಗೆ, ಬಹುಮಟ್ಟಿಗೆ ಅದೇ ಕಂಠಗಳಿಂದ ಹೊಮ್ಮುತ್ತವೆ. ಒಂದು ಪೈರಿನ ಬದುಕು, ಒಬ್ಬ ಮನುಷ್ಯನ ಬದುಕು, ಒಂದು ಪಕ್ಷದ ಚಂದ್ರನ ಬೆಳವಣಿಗೆ ಈ ಮೂರನ್ನೂ ಹಾಡುಗಾರ್ತಿಯರು ಒಂದೇ ಅಳತೆಗೆ ತರುತ್ತಾರೆ.

೩

ಗೌರಿಯ ಅವಧಿ ಬೇರೆ ಬಗೆಯದು. ಹಳೆಯ ಮೈಸೂರು ಪ್ರದೇಶದಲ್ಲಿ ಭಾದ್ರಪದ ತದಿಗೆಯಂದು ತವರಿಗೆ ಬರುವ ಅವಳನ್ನು ಕರೆದೊಯ್ಯಲು ಮರುದಿನವೇ ಮಗ ಗಣಪತಿ ಬರುತ್ತಾನೆ. ಉತ್ತರ ಕರ್ನಾಟಕದಲ್ಲಿ ಆಶ್ವೀಜದ ಶೀಗಿ ಹುಣ್ಣಿಮೆ ಮತ್ತು ಕಾರ್ತಿಕದ ಗೌರಿ ಹುಣ್ಣಿಮೆಗಳು ಅವಳ ಹಬ್ಬಗಳು. ಸಕ್ಕರೆ ಆರತಿ ಹಿಡಿದು ಹೊರಡುವ ಹುಡುಗಿಯರು ಬೆಳ್ದಿಂಗಳಲ್ಲಿ ಹಾಡುತ್ತಾರೆ, ಕೋಲಾಟವಾಡುತ್ತಾರೆ. ಇಲ್ಲಿ ಸಾವಿಲ್ಲ, ಬೀಳ್ಕೊಡುಗೆಯಿದೆ. ತವರಿಗೆ ಬಂದ ಮಗಳು ಎಷ್ಟು ದಿನ ಇರಬಹುದೆಂಬ ಲೆಕ್ಕ ಹಾಡುವವರ ಸ್ವಂತ ಬದುಕಿನ ಲೆಕ್ಕವೂ ಆಗಿರುವುದರಿಂದ, ದೇವಿಯ ಕಥೆ ಎಲ್ಲಿ ಮುಗಿಯಿತು, ತನ್ನ ಕಥೆ ಎಲ್ಲಿ ಆರಂಭವಾಯಿತೆಂಬುದನ್ನು ಬೇರ್ಪಡಿಸುವುದು ಕಷ್ಟ.

ಇದೇ ಶೀಗಿ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯೆಂದು ಆಚರಿಸುತ್ತಾರೆ. ತೆನೆ ಹೊತ್ತ ಭೂಮಿ ಬಸುರಿ. ಅವಳ ಬಯಕೆ ತೀರಿಸಲು ಬಗೆಬಗೆಯ ಸೊಪ್ಪು ಬೆರೆಸಿದ ಅಡುಗೆಯನ್ನು ಚಿತ್ತಾರದ ಬುಟ್ಟಿಯಲ್ಲಿ ಒಯ್ದು ಗದ್ದೆಗೆ ಬೀರುತ್ತಾರೆ. ಒಂದೇ ಹುಣ್ಣಿಮೆಯ ರಾತ್ರಿ ಒಂದು ಸೀಮೆ ಮಗಳನ್ನು ನೆನೆದರೆ ಇನ್ನೊಂದು ಸೀಮೆ ಬಸುರಿಯನ್ನು ನೆನೆಯುತ್ತದೆ.

೪

ಮೂರನೆಯ ಅತಿಥಿ ಬಲೀಂದ್ರ. ದೀಪಾವಳಿಯ ಮೂರು ದಿನ ತನ್ನ ನಾಡನ್ನು ನೋಡಿಹೋಗಲು ಅವನಿಗೆ ಅನುಮತಿಯಿದೆ. ತುಳುನಾಡಿನಲ್ಲಿ ಗದ್ದೆಗೆ ದೀಪ ಒಯ್ದು ಅವನನ್ನು ಕೂಗಿ ಕರೆಯುವ ಕ್ರಮವಿದೆ. ಅವನು ಮರಳಿ ರಾಜ್ಯವಾಳುವುದು ಯಾವಾಗ ಎಂಬ ಪ್ರಶ್ನೆಗೆ ಈ ಪಠ್ಯಗಳಲ್ಲಿ ದೊರೆಯುವ ಉತ್ತರ, ಲೋಕದಲ್ಲಿ ಎಂದೂ ನಡೆಯಲಾರದ ಸಂಗತಿಗಳ ಒಂದು ಪಟ್ಟಿ. ಹೀಗೆ ಎರಡು ಕಾಲಗಳು ಮುಖಾಮುಖಿಯಾಗುತ್ತವೆ: ಎಂದಿಗೂ ಬಾರದ ಆಳ್ವಿಕೆಯ ಕಾಲ ಮತ್ತು ಪ್ರತಿವರ್ಷ ತಪ್ಪದೆ ಬರುವ ಭೇಟಿಯ ಕಾಲ.

ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ ಪ್ರಚಲಿತವಿರುವ ಅಂಟಿಕೆ-ಪಂಟಿಕೆ ಈ ಹಬ್ಬದ ಮುಖ್ಯ ಹಾಡುಗಾರಿಕೆ. ಗಂಡಸರ ತಂಡವು ಹೊತ್ತಿಸಿದ ದೀಪವನ್ನು ರಾತ್ರಿಯಿಡೀ ಮನೆಯಿಂದ ಮನೆಗೆ ಒಯ್ಯುತ್ತದೆ. ದೀಪ ಆರಕೂಡದು. ಮನೆಯೊಡತಿ ಅದಕ್ಕೆ ಎಣ್ಣೆಯೆರೆದು, ಅದರಿಂದ ತನ್ನ ಮನೆಯ ದೀಪ ಹೊತ್ತಿಸಿಕೊಳ್ಳುತ್ತಾಳೆ. ಮುಂದಿನವರು ಹಾಡಿದ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ದೀಪದಂತೆ ಹಾಡೂ ಕೈಬದಲಾಗುತ್ತಾ ಆರದೆ ಸಾಗುತ್ತದೆ. ಬೆಳಕನ್ನು ಕೊಂಡೊಯ್ಯುವ ದಾರಿಯೇ ಇಲ್ಲಿ ಹಾಡಿನ ರಚನೆಯನ್ನೂ ನಿರ್ಣಯಿಸುತ್ತದೆ: ಬಾಗಿಲು ತೆರೆಸುವ ಹಾಡು, ದೀಪ ನೀಡುವ ಹಾಡು, ಹರಸಿ ಹೊರಡುವ ಹಾಡು.

೫

ಈ ಹಾಡುಗಳ ಸಂಗ್ರಹಕ್ಕೆ ಸಂಬಂಧಿಸಿದ ತೊಡಕೊಂದನ್ನು ಇಲ್ಲಿ ಪ್ರಸ್ತಾಪಿಸುವುದು ಅಗತ್ಯ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (೧೯೩೧) ಪ್ರಕಟವಾದಂದಿನಿಂದ ನಮ್ಮಲ್ಲಿ ಜನಪದ ಗೀತೆಗಳ ಸಂಪಾದನೆ ವಿಪುಲವಾಗಿ ನಡೆದಿದೆ. ಅವುಗಳ ವಿಂಗಡಣೆಗೆ ಬಹುಮಟ್ಟಿಗೆ ವಸ್ತು, ಛಂದಸ್ಸು ಅಥವಾ ಪ್ರದೇಶಗಳೇ ಆಧಾರ. ಹಾಡಿದ ತಿಥಿ ಯಾವುದು, ಆ ವರ್ಷ ಮಳೆ ಹೇಗಿತ್ತು, ಪೈರು ಯಾವ ಹಂತದಲ್ಲಿತ್ತು ಎಂಬ ವಿವರಗಳು ಅಪರೂಪ. ಇವು ಗೌಣ ಸಂಗತಿಗಳಲ್ಲ. ಚಾಂದ್ರಮಾನದ ವರ್ಷ ಸೌರಮಾನದ ವರ್ಷಕ್ಕಿಂತ ಸುಮಾರು ೧೧ ದಿನ ಕಡಿಮೆ. ಅಧಿಕಮಾಸ ಬಂದಾಗ ಹಬ್ಬಗಳು ಮುಂದಕ್ಕೆ ಸರಿಯುತ್ತವೆ. ೨೦೨೨ರಲ್ಲಿ ಗಣೇಶ ಚತುರ್ಥಿ ಆಗಸ್ಟ್ ೩೧ರಂದು ಬಂದರೆ, ಅಧಿಕ ಶ್ರಾವಣವಿದ್ದ ೨೦೨೩ರಲ್ಲಿ ಸೆಪ್ಟೆಂಬರ್ ೧೮ರಂದು ಬಂದಿತು. ಮಳೆನಕ್ಷತ್ರಗಳಾದರೋ ಸೂರ್ಯನನ್ನು ಅನುಸರಿಸುತ್ತವೆ. ಆದ್ದರಿಂದ ಜೋಕುಮಾರ ಒಂದು ವರ್ಷ ಹುಬ್ಬೆಯ ಮಳೆಯಲ್ಲಿ ಬಂದರೆ ಮತ್ತೊಂದು ವರ್ಷ ಉತ್ತರೆಯಲ್ಲಿ ಬರುತ್ತಾನೆ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ೨೦೨೩ರಂತಹ ವರ್ಷದಲ್ಲಿ ಹಾಡಿದ ಮಳೆಯ ಹಾಡಿಗೂ, ಕೆರೆ ತುಂಬಿದ ವರ್ಷದಲ್ಲಿ ಹಾಡಿದ ಅದೇ ಹಾಡಿಗೂ ಅರ್ಥ ಒಂದೇ ಆಗಿರಲಾರದು. ಮುದ್ರಿತ ಪಠ್ಯದಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ವೇದಿಕೆಯ ಮೇಲೆ ಯಾವ ತಿಂಗಳಲ್ಲಾದರೂ ಹಾಡಬಹುದಾದ ಗೀತೆಗಳಾಗಿ ಇವು ಉಳಿದುಕೊಳ್ಳುವುದು ಸಂತೋಷದ ವಿಷಯವೇ. ಆದರೆ ಅತಿಥಿ ಹೊರಡುವ ದಿನವೇ ಇಲ್ಲದಿದ್ದರೆ ಬೀಳ್ಕೊಡುವ ಹಾಡಿಗೆ ಅರ್ಥವಿಲ್ಲ. ಆದುದರಿಂದ ಮುಂದಿನ ಸಂಗ್ರಾಹಕರು ಪ್ರತಿಯೊಂದು ಹಾಡಿನೊಂದಿಗೆ ತಿಥಿ, ಮಳೆನಕ್ಷತ್ರ, ಬೆಳೆಯ ಹಂತ, ಹಾಡಿದ ಸ್ಥಳ ಎಂಬ ನಾಲ್ಕು ವಿವರಗಳನ್ನಾದರೂ ದಾಖಲಿಸುವುದು ಅವಶ್ಯಕ. ಗ್ರಂಥಾಲಯಗಳಲ್ಲಿರುವ ಹಳೆಯ ಧ್ವನಿಮುದ್ರಿಕೆಗಳ ಮೇಲಿನ ದಿನಾಂಕಗಳನ್ನು ಪಂಚಾಂಗಗಳೊಂದಿಗೆ ಹೋಲಿಸಿದರೆ ಈ ವಿವರಗಳಲ್ಲಿ ಕೆಲವನ್ನು ಈಗಲೂ ಮರಳಿ ಪಡೆಯಬಹುದು. ಹಾಡು ಮತ್ತು ಕಾಲಗಳ ಸಂಬಂಧವನ್ನು ಅರಿಯುವ ಅಧ್ಯಯನ ಆ ಕೆಲಸದಿಂದಲೇ ಆರಂಭವಾಗಬೇಕು.