ಮರಿಯಮ್ಮನ ದರ್ಶನಕ್ಕೂ ಮೈಲಾಪುರದ ಹರಕೆಗೂ ಅಳತೆಗೋಲು ಒಂದೇ ಇರಲಿ

ಶಹಾಪುರಕ್ಕೆ ಮೊದಲ ಸಲ ಬರುವವರಿಗೆ ಪಕ್ಕದ ಸೀಟಿನವರು ಬಸ್ಸಿನ ಕಿಟಕಿಯಾಚೆ ಬೆರಳು ತೋರಿಸಿ, 'ಅಲ್ಲಿ ನೋಡ್ರಿ, ಬುದ್ಧ ಮಲಗ್ಯಾನ' ಅನ್ನುವುದುಂಟು. ನೋಡಿದರೆ ಹೌದು, ಗುಡ್ಡಗಳ ಸಾಲಿನಲ್ಲಿ ಹಣೆ, ಮೂಗು, ಗದ್ದ, ಎದೆ ಎಲ್ಲಾ ಕಾಣುತ್ತೆ. ಬಸ್ಸು ಸ್ವಲ್ಪ ಮುಂದೆ ಹೋಗಿ ದಿಕ್ಕು ಬದಲಾದರೆ ಬುದ್ಧ ಮಾಯ, ಉಳಿಯೋದು ಬರೀ ಕಲ್ಲುಗುಡ್ಡ.

ಇದನ್ನು ನೋಡಿ ನಾವು ಖುಷಿಪಡ್ತೀವಿ, ಫೋಟೋ ತೆಗೀತೀವಿ. ಅಷ್ಟೇ. ಆದರೆ ಇಂಥದ್ದೇ ಒಂದು ಆಕೃತಿ ಯಾವುದೋ ಚರ್ಚಿನ ಗೋಡೆಯ ಮೇಲೆ ಮೂಡಿ, ಯಾರೋ ಒಬ್ಬರು 'ಅಗೋ ಮರಿಯಮ್ಮ' ಅಂದರೆ ಕಥೆ ಬೇರೆಯಾಗುತ್ತೆ. ಸಂಜೆಗೆ ಮೇಣದಬತ್ತಿ, ಮರುದಿನ ಜನರ ಸಾಲು, ಆಮೇಲೆ ಕಾಣಿಕೆ ಡಬ್ಬಿ. ಇಂಥ ಪವಾಡಗಳನ್ನು ಪರೀಕ್ಷಿಸೋದು ಹೇಗೆ? ಪರೀಕ್ಷಿಸುವಾಗ ನಮ್ಮಂಥವರು ಮರೆಯಬಾರದ್ದು ಏನು?

ಕಂಡಿದ್ದು ಕಣ್ಣು, ಕಟ್ಟಿದ್ದು ಮಿದುಳು

ಮುಖ ಗುರುತಿಸೋದರಲ್ಲಿ ಮನುಷ್ಯರ ಮಿದುಳು ವಿಪರೀತ ಚುರುಕು. ಎರಡು ಚುಕ್ಕೆ, ಕೆಳಗೊಂದು ಗೆರೆ ಕಂಡರೆ ಸಾಕು, ಮುಖ ಅಂದುಕೊಳ್ಳುತ್ತೆ. ಮೋಡ, ಮರದ ಬೊಡ್ಡೆ, ತೇವದ ಗೋಡೆ, ಸುಟ್ಟ ರೊಟ್ಟಿ ಎಲ್ಲದರಲ್ಲೂ ಮುಖ ಹುಡುಕುತ್ತೆ. ಯಾರ ಮುಖ ಅನ್ನೋದನ್ನು ತೀರ್ಮಾನಿಸೋದು ನಾವು ಬೆಳೆದ ಮನೆ. ಒಂದೇ ಕಲೆ ಒಬ್ಬರಿಗೆ ಮರಿಯಮ್ಮ, ಇನ್ನೊಬ್ಬರಿಗೆ ಸಾಯಿಬಾಬಾ.

ಜನ ಗುಂಪಾಗಿ ಸೇರಿದರೆ ಇದು ಇನ್ನೂ ಜೋರಾಗುತ್ತೆ. 1917ರಲ್ಲಿ ಪೋರ್ಚುಗಲ್‌ನ ಫಾತಿಮಾದಲ್ಲಿ ಮೂವರು ಮಕ್ಕಳು ತಮಗೆ ಮರಿಯಮ್ಮ ಕಾಣಿಸುತ್ತಾಳೆ ಅಂದರು. ಆ ವರ್ಷದ ಅಕ್ಟೋಬರ್ 13ರಂದು ಸಾವಿರಾರು ಜನ ಸೇರಿದ್ದರು. ಸೂರ್ಯ ಕುಣಿದ, ಬಣ್ಣ ಬದಲಿಸಿದ ಅಂತ ಅನೇಕರು ಹೇಳಿದರು. ಏನೂ ಕಾಣಲಿಲ್ಲ ಅಂದವರೂ ಅದೇ ಗುಂಪಿನಲ್ಲಿದ್ದರು. ಸೂರ್ಯ ನಿಜಕ್ಕೂ ಕುಣಿದಿದ್ದರೆ ಅದು ಫಾತಿಮಾಗೆ ಮಾತ್ರ ಕಾಣೋದಕ್ಕೆ ಸಾಧ್ಯವಿಲ್ಲ, ಬೇರೆ ಊರುಗಳ ಖಗೋಳ ವೀಕ್ಷಣಾಲಯಗಳಿಗೂ ಕಾಣಬೇಕಿತ್ತು. ಕಾಣಲಿಲ್ಲ. ಬರಿಗಣ್ಣಿನಲ್ಲಿ ಸೂರ್ಯನನ್ನೇ ನೋಡ್ತಾ ನಿಂತರೆ ಯಾರ ಕಣ್ಣಲ್ಲಾದರೂ ಬಣ್ಣ ತೇಲುತ್ತೆ, ಸೂರ್ಯ ಅಲುಗಾಡಿದ ಹಾಗೆ ಅನಿಸುತ್ತೆ. (ನೀವು ಪ್ರಯೋಗ ಮಾಡೋಕೆ ಹೋಗಬೇಡಿ, ಕಣ್ಣು ಹಾಳಾಗುತ್ತೆ.)

ಗಣೇಶನ ಹಾಲು, ಶಿಲುಬೆಯ ನೀರು

1995ರ ಸೆಪ್ಟೆಂಬರ್ 21 ನಿಮ್ಮಲ್ಲಿ ಹಲವರು ಹುಟ್ಟುವ ಮೊದಲಿನ ಮಾತು. ಅವತ್ತು ದೇಶದ ತುಂಬ ಗಣೇಶನ ಮೂರ್ತಿಗಳು ಹಾಲು ಕುಡಿದವು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಚಮಚ ಹಿಡಿದಾಗ ಗುಟ್ಟು ಬಯಲಾಯ್ತು. ಹಾಲು ಮೂರ್ತಿಯ ಒಳಗೆ ಹೋಗುತ್ತಿರಲಿಲ್ಲ, ತೆಳ್ಳಗೆ ಮೈಮೇಲೆ ಹರಿದು ಕೆಳಗಿಳಿಯುತ್ತಿತ್ತು. ಮೇಲ್ಮೈ ಸೆಳೆತ ಮತ್ತು ಲೋಮನಾಳ ಕ್ರಿಯೆ, ಅಂದರೆ ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುತ್ತಲ್ಲ, ಅದೇ.

ಹದಿನೇಳು ವರ್ಷದ ನಂತರ ಅದೇ ಭೌತಶಾಸ್ತ್ರ ಚರ್ಚಿನಲ್ಲಿ ಕಾಣಿಸಿಕೊಂಡಿತು. 2012ರಲ್ಲಿ ಮುಂಬೈನ ಇರ್ಲಾದಲ್ಲಿ ವೇಲಾಂಕಣಿ ಮಾತೆಯ ಹೆಸರಿನ ಚರ್ಚಿನ ಶಿಲುಬೆಯಲ್ಲಿ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಭಕ್ತರು ಅದನ್ನು ತೀರ್ಥದಂತೆ ಹಿಡಿದುಕೊಂಡರು. ವಿಚಾರವಾದಿ ಸನಲ್ ಎಡಮರುಕು ಹೋಗಿ ನೋಡಿದಾಗ ಹತ್ತಿರದ ಚರಂಡಿ ಕಟ್ಟಿಕೊಂಡಿತ್ತು. ಅಲ್ಲಿ ನಿಂತ ನೀರು ಗೋಡೆಯೊಳಗೆ ಮೇಲೇರಿ ಶಿಲುಬೆಗೆ ಬರುತ್ತಿತ್ತು. ಜನ ಬಾಯಿಗೆ ಹಾಕಿಕೊಂಡಿದ್ದು ಏನು ಅಂತ ಯೋಚಿಸಿ.

ಇದರಲ್ಲಿ ಯಾರ ಮೋಸವೂ ಇರಲಿಲ್ಲ ಅನ್ನೋದು ಮುಖ್ಯ. ಪವಾಡ ಸುಳ್ಳು ಅಂದ ಕೂಡಲೇ ಯಾರೋ ಕಳ್ಳ ಇದ್ದಾನೆ ಅಂತ ಅಲ್ಲ. ಮೋಸವೂ ಸಾಧ್ಯ, ಅದು ಬೇರೆ ಮಾತು. ಒಳಗೆ ಟೊಳ್ಳಾದ ಮೂರ್ತಿಗೆ ನೀರು ತುಂಬಿ, ಕಣ್ಣಿನ ಹತ್ತಿರ ಮಾತ್ರ ಹೊಳಪಿನ ಲೇಪ ಕೆರೆದರೆ ಮೂರ್ತಿ 'ಅಳುತ್ತೆ' ಅಂತ ಇಟಲಿಯ ರಸಾಯನ ವಿಜ್ಞಾನಿ ಲುಯಿಜಿ ಗಾರ್ಲಾಸ್ಕೆಲ್ಲಿ ಮಾಡಿಯೇ ತೋರಿಸಿದ್ದಾರೆ.

ವಾಸಿಯಾದವರು ಮಾತಾಡ್ತಾರೆ, ಉಳಿದವರು?

ಕರ್ನಾಟಕದಿಂದ ಸಾವಿರಾರು ಜನ ಹೋಗುವ ತಮಿಳುನಾಡಿನ ವೇಲಾಂಕಣಿಯ ಕಥೆ ಮೂರು ಭಾಗದ್ದು. ಹಾಲು ಒಯ್ಯುತ್ತಿದ್ದ ಹುಡುಗನಿಗೆ ದರ್ಶನ, ಮಜ್ಜಿಗೆ ಮಾರುತ್ತಿದ್ದ ಕುಂಟ ಹುಡುಗನ ಕಾಲು ವಾಸಿ, ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಪಾರು. 16 ಮತ್ತು 17ನೇ ಶತಮಾನದ್ದು ಅನ್ನುತ್ತಾರೆ. ಇವು ಬಾಯಿಂದ ಬಾಯಿಗೆ ಬಂದ ಕಥೆಗಳು. ಇದರಿಂದ ಕಥೆಗಳ ಚೆಲುವು ಕಮ್ಮಿಯಾಗಲ್ಲ. ಆದರೆ ಕಥೆ ಬೇರೆ, ಸಾಕ್ಷಿ ಬೇರೆ.

ಗುಣವಾಗುವ ಪವಾಡಗಳನ್ನು ಅತಿ ಹೆಚ್ಚು ಪರೀಕ್ಷಿಸಿರೋದು ಫ್ರಾನ್ಸಿನ ಲೂರ್ದ್‌ನಲ್ಲಿ. 1858ರಲ್ಲಿ ಬರ್ನಡೆಟ್ ಎಂಬ ಹುಡುಗಿ ತನಗೆ ದರ್ಶನವಾಯ್ತು ಅಂದ ಊರದು. ಅಲ್ಲಿ ವೈದ್ಯಕೀಯ ದಫ್ತರವೇ ಇದೆ. ವರ್ಷಕ್ಕೆ ಲಕ್ಷಾಂತರ ಜನ ಬಂದು ಹೋಗುತ್ತಾರೆ. ವಾಸಿಯಾಯ್ತು ಅಂತ ದಾಖಲಾದ ಪ್ರಕರಣ 7,000ಕ್ಕೂ ಹೆಚ್ಚು. ಚರ್ಚ್ ಪವಾಡ ಅಂತ ಒಪ್ಪಿದ್ದು ಸುಮಾರು 70. ನೂರಾ ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ, ಕೋಟ್ಯಂತರ ಯಾತ್ರಿಕರಲ್ಲಿ, ಎಪ್ಪತ್ತು! ಕೆಲವು ಕಾಯಿಲೆಗಳು ಯಾವ ಯಾತ್ರೆಯೂ ಇಲ್ಲದೆ ತಾವಾಗಿಯೇ ಇಳಿಯುತ್ತವೆ ಅನ್ನೋದು ವೈದ್ಯರಿಗೆ ಗೊತ್ತು. ಇಷ್ಟು ಜನ ಸೇರಿದ ಕಡೆ ಅಂಥವರು ಒಂದಷ್ಟು ಮಂದಿ ಇದ್ದೇ ಇರುತ್ತಾರೆ. ಕತ್ತರಿಸಿದ ಕಾಲು ಮತ್ತೆ ಚಿಗುರಿದ ಪ್ರಕರಣ ಮಾತ್ರ ಆ ಪಟ್ಟಿಯಲ್ಲಿಲ್ಲ.

ವಾಸಿಯಾದವರು ಹರಕೆ ತೀರಿಸೋಕೆ ಮತ್ತೆ ಬರ್ತಾರೆ, ಸಾಕ್ಷಿ ಹೇಳ್ತಾರೆ. ವಾಸಿಯಾಗದವರು ಸುಮ್ಮನೆ ಮನೆಗೆ ಹೋಗ್ತಾರೆ, ಅವರ ಮಾತು ಯಾವ ವಿಡಿಯೋದಲ್ಲೂ ಇರಲ್ಲ.

ವ್ಯಾಟಿಕನ್ನೇ ಹುಷಾರಾಗಿದೆ

ಮರಿಯಮ್ಮನ ದರ್ಶನಗಳನ್ನು ನಂಬಲೇಬೇಕು ಅಂತ ಕ್ಯಾಥೊಲಿಕ್ ಧರ್ಮಬೋಧೆ ಹೇಳೋದಿಲ್ಲ. ಅವು ಖಾಸಗಿ ದರ್ಶನಗಳು, ಧರ್ಮದ ಮೂಲ ನಂಬಿಕೆಯ ಭಾಗವಲ್ಲ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊಸ ನಿಯಮ ತಂದಿತು. ಅದರ ಪ್ರಕಾರ ಬಿಷಪ್ ಕೊಡಬಹುದಾದ ಅತ್ಯುನ್ನತ ಒಪ್ಪಿಗೆಯ ಅರ್ಥ 'ಭಕ್ತಿಗೆ ಅಡ್ಡಿಯಿಲ್ಲ' ಅಂತ, 'ಇದು ದೈವಿಕ ಘಟನೆ' ಅಂತಲ್ಲ. ಅದೇ ವರ್ಷ ಇಟಲಿಯ ಟ್ರೆವಿನ್ಯಾನೊದಲ್ಲಿ ರಕ್ತ ಸುರಿಸುತ್ತೆ ಅಂತ ಹೆಸರಾಗಿದ್ದ ಮರಿಯಮ್ಮನ ಮೂರ್ತಿಯನ್ನು, ಅದರ ಸುತ್ತಲಿನ ಸಂದೇಶಗಳನ್ನು ಅಲ್ಲಿಯ ಬಿಷಪ್ಪರೇ ದೈವಿಕವಲ್ಲ ಅಂತ ತಿರಸ್ಕರಿಸಿದರು. ಅಂದರೆ ಸಂಶಯಪಡೋದು ಧರ್ಮದ್ರೋಹ ಅಲ್ಲ, ಚರ್ಚಿನ ಒಳಗೇ ಅದಕ್ಕೊಂದು ಪದ್ಧತಿ ಇದೆ.

ಕೇಳಿದವರಿಗೆ ಏನಾಯ್ತು?

ಇರ್ಲಾದ ನೀರನ್ನು ಪವಾಡ ಅಂತ ಚರ್ಚ್ ಅಧಿಕೃತವಾಗಿ ಘೋಷಿಸಿರಲಿಲ್ಲ. ಆದರೂ ಕೆಲವು ಕ್ಯಾಥೊಲಿಕ್ ಸಂಘಟನೆಗಳವರು ಎಡಮರುಕು ಮೇಲೆ ಐಪಿಸಿ 295ಎ ಅಡಿ ದೂರು ಕೊಟ್ಟರು. ಬಂಧನದ ಭಯದಲ್ಲಿ ಅವರು ಫಿನ್ಲೆಂಡಿಗೆ ಹೋದರು. ಈಗ ಆ ಕಲಂ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ನಂಬರ್ ಬದಲಾಯ್ತು, ಕತ್ತಿ ಹಾಗೇ ಇದೆ.

ನಮ್ಮ ರಾಜ್ಯದ ಅನುಭವವೂ ಇದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಪರೀಕ್ಷೆಗೆ ಬನ್ನಿ ಅಂತ ಸತ್ಯಸಾಯಿ ಬಾಬಾಗೆ ಪತ್ರ ಬರೆದರೆ ಉತ್ತರ ಬರಲಿಲ್ಲ. ಅದೇ 1976ರಲ್ಲಿ ಸಂವಿಧಾನಕ್ಕೆ 51ಎ(ಎಚ್) ಸೇರಿತು: ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರತಿ ಪ್ರಜೆಯ ಕರ್ತವ್ಯ. ಒಂದು ಕೈಯಲ್ಲಿ ಪ್ರಶ್ನಿಸು ಅನ್ನುವ ಸಂವಿಧಾನ, ಇನ್ನೊಂದು ಕೈಯಲ್ಲಿ ಪ್ರಶ್ನಿಸಿದವರನ್ನು ಸ್ಟೇಷನ್ನಿಗೆ ಎಳೆಯುವ ಕಲಂ. ನಾವಿರೋದು ಇವೆರಡರ ನಡುವೆ.

ಯಾದಗಿರಿಗೆ ಇದರಲ್ಲೇನು ಕೆಲಸ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ನಮ್ಮ ಕಡೆ ಇನ್ನೂ ಕಮ್ಮಿ. ಹಾಗಿರುವಾಗ ಮರಿಯಮ್ಮನ ಪವಾಡವನ್ನು ಮಾತ್ರ ಹಿಡಿದು ನಗೋದು ಸುಲಭ. ಮತಾಂತರ ನಿಷೇಧ ಕಾಯ್ದೆಯ ಹೆಸರಲ್ಲಿ ಪ್ರಾರ್ಥನಾ ಮಂದಿರದ ಬಾಗಿಲು ಬಡಿಯುವವರಿಗೆ ಅದು ಇನ್ನೊಂದು ಬಡಿಗೆ ಆಗುತ್ತೆ. ಹಾಗಂತ ಅಲ್ಪಸಂಖ್ಯಾತರ ಪವಾಡವನ್ನು ಪ್ರಶ್ನಿಸಲೇಬಾರದು ಅಂದರೆ ಆ ಸಮುದಾಯದ ರೋಗಿಗೆ, ಬಡವರಿಗೆ ನಾವೇ ದ್ರೋಹ ಮಾಡಿದ ಹಾಗೆ.

ಹಾಗಾಗಿ ಅಳತೆಗೋಲು ಒಂದೇ ಇರಬೇಕು. ಯಾದಗಿರಿ ಪಕ್ಕದ ಮೈಲಾಪುರದಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯುವ ಹರಕೆ ಇತ್ತು. ಅದನ್ನು ನಿಷೇಧಿಸಿದ ಜಿಲ್ಲಾಡಳಿತ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ವಶಕ್ಕೆ ಪಡೆಯುತ್ತೆ. ಜಾತ್ರೆ ನಿಂತಿಲ್ಲ, ಭಕ್ತಿಯೂ ನಿಂತಿಲ್ಲ, ನಿಲ್ಲಬೇಕಾಗಿದ್ದು ಹಿಂಸೆ. ಸುರಪುರ ತಾಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಮೌನೇಶ್ವರನ ಹೆಸರಲ್ಲೂ ಪವಾಡದ ಕಥೆಗಳಿವೆ. ಜನರನ್ನು ಅಲ್ಲಿ ಒಂದೇ ಅಂಗಳದಲ್ಲಿ ಕೂಡಿಸಿರೋದು ಆ ಕಥೆಗಳ ಪುರಾವೆಯಲ್ಲ, ಜೊತೆಗೆ ಬದುಕಿದ ರೂಢಿ. ವೇಲಾಂಕಣಿಗೆ ಎಲ್ಲ ಧರ್ಮದವರೂ ಹೋಗೋದನ್ನೂ ಹಾಗೇ ನೋಡಬಹುದು.

ಯಾತ್ರೆ ಕೊಡುವ ಸಮಾಧಾನ ನಿಜ, ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಸಮಾಧಾನದ ಜಾಗದಲ್ಲಿ ಚಿಕಿತ್ಸೆ ಅಂತ ಬೋರ್ಡ್ ಬಿದ್ದಾಗ ಜಗಳ ಶುರು. 2011ರಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಹೊಲದಲ್ಲಿ ಹಾವು ಕಚ್ಚಿದವರನ್ನು ಮೊದಲು ಎಲ್ಲಿಗೆ ಒಯ್ಯುತ್ತಾರೆ ಅನ್ನೋದು ಇಲ್ಲಿ ಜೀವದ ಪ್ರಶ್ನೆ. 2020ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ಯಾತ್ರೆ, ಪ್ರದಕ್ಷಿಣೆಗಳನ್ನು ಮುಟ್ಟೋದಿಲ್ಲ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕೋದು ಮಾತ್ರ ಅಪರಾಧ. ಪಾದ್ರಿ, ಪೂಜಾರಿ, ಮುಲ್ಲಾ, ಎಲ್ಲರಿಗೂ ಒಂದೇ ಕಾನೂನು.

ಮುಂದಿನ ಸಲ ಮೂರ್ತಿ ಅತ್ತ ವಿಡಿಯೋ ವಾಟ್ಸಾಪ್‌ಗೆ ಬಂದಾಗ ಫಾರ್ವರ್ಡ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನೀರು ಬರೋಕೆ ಬೇರೆ ದಾರಿ ಇದೆಯಾ? ಇದನ್ನು ಪರೀಕ್ಷೆಗೆ ಬಿಡ್ತಾರಾ? ವಾಸಿಯಾಗದವರು ಎಷ್ಟು ಜನ? ನನ್ನ ಮನೆಯ ದೇವರ ವಿಷಯದಲ್ಲೂ ನಾನು ಇದನ್ನೇ ಕೇಳ್ತೀನಾ? ಕೊನೆಯದಕ್ಕೆ ಉತ್ತರ 'ಇಲ್ಲ' ಅಂತಾದರೆ ಅದು ವಿಚಾರವಾದ ಅಲ್ಲ, ಪಕ್ಕದ ಮನೆಯವರ ಮೇಲಿನ ಸಿಟ್ಟು ಅಷ್ಟೇ.