ದಿಂಬಂ ಘಾಟಿಯಲ್ಲಿ ಗಾಡಿ ಎಳೆಯದಿದ್ದರೆ ಸೈಲೆನ್ಸರ್ ಜಾಯಿಂಟ್ ನೋಡಿ

ತಾಳವಾಡಿ: ‘ಗಾಡಿ ಎಳೀತಿಲ್ಲ ಕಣಣ್ಣ’. ಸತ್ಯಮಂಗಲದ ಕಡೆ ಎಲೆಕೋಸು, ಆಲೂಗೆಡ್ಡೆ ಇಳಿಸಿ, ಗೊಬ್ಬರ, ದಿನಸಿ ಹೇರಿಕೊಂಡು ಮರಳುವ ಪಿಕಪ್ ಚಾಲಕರ ದೂರು ಇದು. ಬಣ್ಣಾರಿಯಿಂದ ದಿಂಬಂವರೆಗೆ 27 ಕಡಿದಾದ ತಿರುವುಗಳು. ಬಯಲಲ್ಲಿ ಚೆನ್ನಾಗಿಯೇ ಓಡಿದ ಗಾಡಿ ಇಲ್ಲಿ ಏದುಸಿರು ಬಿಡುತ್ತದೆ. ಡೀಸೆಲ್ ಫಿಲ್ಟರ್ ಬದಲಾಗುತ್ತದೆ, ಪಂಪು ಬಿಚ್ಚುತ್ತಾರೆ, ದುಡ್ಡು ಖರ್ಚಾಗುತ್ತದೆ. ಹೊಗೆ ಪೈಪನ್ನು ಬಗ್ಗಿ ನೋಡುವವರು ಮಾತ್ರ ಕಡಿಮೆ.

ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟೇ ಸರಾಗವಾಗಿ ಹೊಗೆಯನ್ನೂ ಹೊರಹಾಕಬೇಕು. ತುಕ್ಕು ತಿಂದ 2 ಇಂಚಿನ ಪೈಪಿಗೆ ಕೈಗೆ ಸಿಕ್ಕ ಒಂದೂವರೆ ಇಂಚಿನ ತುಂಡು ವೆಲ್ಡ್ ಮಾಡಿಸಿದರೆ ‘ಅರ್ಧ ಇಂಚು ತಾನೇ’ ಅನ್ನಿಸಬಹುದು. ಆದರೆ ಹೊಗೆಯ ದಾರಿ ಶೇ 56ಕ್ಕೆ ಇಳಿದಿರುತ್ತದೆ. ವೆಲ್ಡಿಂಗ್ ಒಳಗೆ ಇಳಿದು ಗಂಟು ಕಟ್ಟಿದರೂ, ಕ್ಲ್ಯಾಂಪನ್ನು ಪೈಪು ನಜ್ಜಾಗುವಷ್ಟು ಬಿಗಿದರೂ ಇದೇ ಗತಿ. ಹೊರಹೋಗದ ಹೊಗೆ ಸಿಲಿಂಡರಿನಲ್ಲೇ ಉಳಿದರೆ ಹೊಸ ಗಾಳಿಗೆ ಜಾಗವೆಲ್ಲಿ? ಪವರ್ ಬೀಳುತ್ತದೆ, ಡೀಸೆಲ್ ಕುಡಿಯುತ್ತದೆ, ಎಂಜಿನ್ ಕಾಯುತ್ತದೆ. ಹಾಗಂತ ಸೈಲೆನ್ಸರನ್ನೇ ಕಿತ್ತುಹಾಕುವಂತಿಲ್ಲ; ಈ ದಾರಿ 2013ರಲ್ಲಿ ಘೋಷಣೆಯಾದ ಹುಲಿ ಮೀಸಲು ಪ್ರದೇಶದ ನಡುವೆ ಹಾದುಹೋಗುತ್ತದೆ.

ಜಾಯಿಂಟ್ ಸೋರಿದರೆ ಅಪಾಯ ಇನ್ನೊಂದು ಬಗೆಯದು. ಘಾಟಿಯಲ್ಲಿ ರಾತ್ರಿ ಸಂಚಾರ ನಿರ್ಬಂಧ 2022ರ ಫೆಬ್ರವರಿಯಲ್ಲಿ ಜಾರಿಯಾದ ಮೇಲೆ ಚೆಕ್‌ಪೋಸ್ಟ್ ಬಳಿ ಬೆಳಗಿನವರೆಗೆ ಕಾಯುವುದು ಸರಕು ಲಾರಿಯವರಿಗೆ ಹೊಸದಲ್ಲ. ಚಳಿಗೆ ಗ್ಲಾಸ್ ಏರಿಸಿ, ಎಂಜಿನ್ ಆನ್ ಇಟ್ಟೇ ಕ್ಯಾಬಿನ್ನಿನಲ್ಲಿ ಮಲಗಿದರೆ, ಕೆಳಗಿನ ಜಾಯಿಂಟಿನಿಂದ ಸೋರಿದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು; ನಿದ್ದೆಯಲ್ಲಿದ್ದವನಿಗೆ ಅದೂ ತಿಳಿಯದೆ ಪ್ರಾಣ ಹೋಗಬಹುದು. ಎಂಜಿನ್ ನಿಲ್ಲಿಸಿ ಕಂಬಳಿ ಹೊದೆಯುವುದೇ ವಾಸಿ.

ಜೋಡಿಸುವಾಗ ಎಂಜಿನ್ ಕಡೆಯ ಪೈಪು ಹಿಂದಿನ ಪೈಪಿನ ಒಳಗೆ ಕೂರಬೇಕು. ಉಲ್ಟಾ ಕೂರಿಸಿದರೆ ಹೊಗೆ ಅಂಚಿಗೆ ಬಡಿಯುತ್ತದೆ. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಿ, ರಬ್ಬರ್ ಹ್ಯಾಂಗರಿಗೆ ನೇತುಹಾಕಿ, ಪೈಪು ಎಲ್ಲೂ ತಿರುಚಿಲ್ಲವೆಂದು ನೋಡಿಕೊಂಡು, ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಜಾಯಿಂಟಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಹಳೇ ಗಾಡಿಯಾದರೆ ಅಷ್ಟೂ ಬೇಡ, ಜಾಯಿಂಟಿನ ಸುತ್ತ ಕಪ್ಪು ಮಸಿ ಕಂಡರೆ ಸಾಕು.